ನಾಯಿಯ ಬಳಗದವರು ಯಾರು?

ಕನ್ನಡದಲ್ಲಿ ನಾಯಿಯ ಹೆಸರು ಹೊತ್ತ ಕಾಡುಪ್ರಾಣಿಗಳು ಎರಡಿವೆ. ಒಂದು ಕಾಡುನಾಯಿ, ಇದನ್ನು ಸೀಳುನಾಯಿ, ಕೆನ್ನಾಯಿ ಎಂದೂ ಕರೆಯುತ್ತಾರೆ. ಇನ್ನೊಂದು ತುಂಗಭದ್ರೆ, ಕಾವೇರಿಗಳ ಮಡುಗಳಲ್ಲಿ ಮೀನು ಹಿಡಿಯುವ ನೀರುನಾಯಿ. ಮೊದಲನೆಯದು ನೋಡಲು ನಾಯಿಯಂತೆಯೇ ಇದೆ. ಎರಡನೆಯದರ ಗಿಡ್ಡ ಕಾಲು, ಚಪ್ಪಟೆ ತಲೆ, ಉದ್ದನೆಯ ಮೈ ನೋಡಿದರೆ ಅದು ಮುಂಗುಸಿಯ ಅಣ್ಣನಂತೆ ಕಾಣುತ್ತದೆ. ಇವೆರಡರ ಜೊತೆಗೆ ಬಯಲುಸೀಮೆಯ ಕುರುಚಲು ಕಾಡಿನ ಕತ್ತೆಕಿರುಬವನ್ನೂ ನಿಲ್ಲಿಸಿ ನೋಡಬಹುದು. ಉದ್ದ ಕಾಲು, ಮುಂಚಾಚಿದ ಮೂತಿ, ಒಳಕ್ಕೆ ಎಳೆದುಕೊಳ್ಳಲಾಗದ ಮೊಂಡು ಉಗುರು. ನೋಟಕ್ಕೆ ಅದೊಂದು ದೊಡ್ಡ ನಾಯಿ.

ಈ ಮೂರರಲ್ಲಿ ನಾಯಿಗೆ ನೆಂಟನಲ್ಲದವನು ಯಾರು ಎಂದು ಕೇಳಿದರೆ ಹೆಚ್ಚಿನವರು ನೀರುನಾಯಿಯ ಕಡೆಗೆ ಬೆರಳು ತೋರಿಸಿಯಾರು. ಆ ಉತ್ತರ ಸರಿಯಲ್ಲ. ನೀರುನಾಯಿ ದೂರದ್ದಾದರೂ ನಾಯಿಯ ಬಳಗಕ್ಕೇ ಸೇರಿದ್ದು. ಕತ್ತೆಕಿರುಬ ಬೆಕ್ಕಿನ ಕಡೆಯದು. ಮುಂಗುಸಿ, ಪುನುಗುಬೆಕ್ಕುಗಳ ಸಂಬಂಧಿ. ಇಲ್ಲಿ ಹೊರನೋಟ ಹೇಳುವುದು ಒಂದು, ವಂಶ ಹೇಳುವುದು ಇನ್ನೊಂದು. ಈ ಎರಡನ್ನೂ ಬೇರೆ ಮಾಡಿ ತಿಳಿಯಲು ವಿಜ್ಞಾನಕ್ಕೆ ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಅಷ್ಟರಲ್ಲಿ ತಪ್ಪು ಹೆಸರು ಹೊತ್ತ ಕೆಲವು ಪ್ರಾಣಿಗಳು ಅದಕ್ಕೆ ತಮ್ಮ ಜೀವವನ್ನೇ ತೆತ್ತಿದ್ದವು.

ಲಿನ್ನೇಯಸನ ಪಟ್ಟಿ

ಗೊಂದಲ ಜನಸಾಮಾನ್ಯರದಷ್ಟೇ ಆಗಿರಲಿಲ್ಲ. ಸ್ವೀಡನ್ನಿನ ಕಾರ್ಲ್ ಲಿನ್ನೇಯಸ್ 1758ರಲ್ಲಿ ತನ್ನ ‘ಸಿಸ್ಟೆಮಾ ನ್ಯಾಚುರೇ’ ಗ್ರಂಥದ ಹತ್ತನೆಯ ಆವೃತ್ತಿಯನ್ನು ಪ್ರಕಟಿಸಿದ. ಪ್ರತಿ ಪ್ರಾಣಿಗೂ ಎರಡು ಪದಗಳ ಹೆಸರು, ಮೊದಲನೆಯದು ಕುಲದ್ದು, ಎರಡನೆಯದು ಪ್ರಭೇದದ್ದು ಎಂಬ ಪದ್ಧತಿ ಪ್ರಾಣಿಶಾಸ್ತ್ರದಲ್ಲಿ ನೆಲೆಗೊಂಡದ್ದು ಆ ಪುಸ್ತಕದಿಂದ. ಅದರಲ್ಲಿ ‘ಕ್ಯಾನಿಸ್’ ಎಂಬ ಕುಲದಡಿ ಸಾಕುನಾಯಿ, ತೋಳ, ನರಿಗಳನ್ನು ಅವನು ಸೇರಿಸಿದ. ಅವುಗಳ ಪಕ್ಕದಲ್ಲೇ ಕತ್ತೆಕಿರುಬವನ್ನೂ ‘ಕ್ಯಾನಿಸ್ ಹಯೀನಾ’ ಎಂದು ಬರೆದಿಟ್ಟ. ವರ್ಗೀಕರಣದ ಪಿತಾಮಹನೆನಿಸಿಕೊಂಡವನ ಕಣ್ಣಿಗೂ ಕತ್ತೆಕಿರುಬ ನಾಯಿಯಾಗಿಯೇ ಕಂಡಿತ್ತು.

ಲಿನ್ನೇಯಸನ ಕಾಲಕ್ಕೆ ಜೀವವಿಕಾಸದ ಕಲ್ಪನೆ ಇನ್ನೂ ಬೇರೂರಿರಲಿಲ್ಲ. ಪ್ರಾಣಿಗಳು ಸೃಷ್ಟಿಯಾದಂತೆಯೇ ಇವೆ, ಹೋಲಿಕೆ ನೋಡಿ ಅವನ್ನು ಸಾಲಾಗಿ ಜೋಡಿಸುವುದಷ್ಟೇ ಪಂಡಿತನ ಕೆಲಸ ಎಂಬುದು ಅಂದಿನ ನಂಬಿಕೆ. ಹೀಗೆ ಜೋಡಿಸುವಾಗ ಯಾವ ಹೋಲಿಕೆಯನ್ನು ಮುಖ್ಯವೆಂದು ಹಿಡಿಯಬೇಕು ಎಂಬ ಪ್ರಶ್ನೆಗೆ ಯಾರಲ್ಲೂ ಖಚಿತವಾದ ಉತ್ತರವಿರಲಿಲ್ಲ.

ಇದರ ಫಲವನ್ನು ನಮ್ಮ ಕರಡಿಯೂ ಉಂಡಿದೆ. ದರೋಜಿಯ ಬಂಡೆಗುಡ್ಡಗಳಲ್ಲಿ ಇಂದು ರಕ್ಷಣೆ ಪಡೆದಿರುವ ಈ ಪ್ರಾಣಿಗೆ ಇಂಗ್ಲೆಂಡಿನ ಜಾರ್ಜ್ ಶಾ 1791ರಲ್ಲಿ ಹೆಸರಿಟ್ಟ. ಅದರ ಉದ್ದವಾದ ಕೊಕ್ಕೆಯುಗುರುಗಳನ್ನೂ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಇಲ್ಲದಿರುವುದನ್ನೂ ಗಮನಿಸಿ, ದಕ್ಷಿಣ ಅಮೆರಿಕದಲ್ಲಿ ಮರಕ್ಕೆ ತಲೆಕೆಳಗಾಗಿ ಜೋತುಬೀಳುವ ಸ್ಲಾತ್ ಎಂಬ ಪ್ರಾಣಿಯ ಗುಂಪಿಗೆ ಅದನ್ನು ಸೇರಿಸಿಬಿಟ್ಟ. ಅದು ಕರಡಿಯೇ ಎಂದು ಮುಂದೆ ಗೊತ್ತಾಯಿತು. ಜೇನುಕರಡಿ ಎಂಬ ಅರ್ಥದ ‘ಮೆಲರ್ಸಸ್’ ಎಂಬ ಕುಲನಾಮವೂ ಬಂತು. ಆದರೆ ಇಂಗ್ಲಿಷಿನಲ್ಲಿ ಅದು ಇಂದಿಗೂ ‘ಸ್ಲಾತ್ ಬೇರ್’. ಉಗುರು ಗೆದ್ದಲ ಹುತ್ತ ಅಗೆಯಲು ಬೆಳೆದದ್ದು, ಹಲ್ಲಿನ ಸಂದು ಗೆದ್ದಲನ್ನು ಹೀರಲು ಆದದ್ದು. ಹೊಟ್ಟೆಪಾಡಿಗಾಗಿ ಬದಲಾದ ಅಂಗಗಳನ್ನು ವಂಶದ ಗುರುತೆಂದು ತಿಳಿದದ್ದೇ ಶಾ ಮಾಡಿದ ತಪ್ಪು.

ಕಿವಿಯೊಳಗಿನ ಸಾಕ್ಷಿ

1859ರಲ್ಲಿ ಚಾರ್ಲ್ಸ್ ಡಾರ್ವಿನ್ನನ ‘ಆನ್ ದಿ ಆರಿಜಿನ್ ಆಫ್ ಸ್ಪೀಷೀಸ್’ ಪ್ರಕಟವಾದ ಮೇಲೆ ವರ್ಗೀಕರಣದ ಅರ್ಥವೇ ಬದಲಾಯಿತು. ಒಂದು ಗುಂಪಿನ ಪ್ರಾಣಿಗಳು ಎಂದರೆ ಒಬ್ಬ ಪೂರ್ವಜನ ಸಂತತಿ; ವರ್ಗೀಕರಣವೆಂದರೆ ವಂಶಾವಳಿ. ಹಾಗಿದ್ದ ಮೇಲೆ ಬದುಕಿನ ರೀತಿಗೆ ತಕ್ಕಂತೆ ಬೇಗ ಬದಲಾಗುವ ಕಾಲು, ಉಗುರು, ಬಣ್ಣಗಳು ಸಾಕ್ಷಿಯಾಗಲಾರವು. ಬೇಟೆಯ ರೀತಿ ಬದಲಾದರೂ ತಾವು ಅಷ್ಟಾಗಿ ಬದಲಾಗದ ಅಂಗಗಳನ್ನು ಹುಡುಕಬೇಕಾಯಿತು.

ಅಂಥ ಅಂಗ ಸಿಕ್ಕಿದ್ದು ಕಿವಿಯ ಹಿಂದೆ. ಸಸ್ತನಿಗಳ ತಲೆಬುರುಡೆಯನ್ನು ಬೋರಲು ಹಾಕಿ ನೋಡಿದರೆ ಬುಡದಲ್ಲಿ, ಎರಡೂ ಪಕ್ಕ, ಗುಳ್ಳೆಯಂತೆ ಉಬ್ಬಿದ ತೆಳುವಾದ ಮೂಳೆ ಕಾಣುತ್ತದೆ. ನಡುಕಿವಿಯನ್ನು ಮುಚ್ಚಿರುವ ಕವಚ ಅದು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ವಿಲಿಯಂ ಹೆನ್ರಿ ಫ್ಲವರ್ 1869ರಲ್ಲಿ ಮಾಂಸಾಹಾರಿ ಪ್ರಾಣಿಗಳ ಬುರುಡೆಗಳನ್ನು ಹೀಗೆ ತಿರುಗಿಸಿಟ್ಟು ಹೋಲಿಸಿದ. ಬೆಕ್ಕು, ಪುನುಗು, ಮುಂಗುಸಿ, ಕತ್ತೆಕಿರುಬಗಳಲ್ಲಿ ಈ ಗುಳ್ಳೆಯೊಳಗೆ ಒಂದು ಅಡ್ಡಗೋಡೆಯಿದ್ದು ಅದು ಎರಡು ಕೋಣೆಗಳಾಗಿತ್ತು. ನಾಯಿ, ಕರಡಿ, ನೀರುನಾಯಿಗಳಲ್ಲಿ ಅಂಥ ಪೂರ್ಣ ಗೋಡೆ ಇರಲಿಲ್ಲ. ಹಲ್ಲು, ಪಾದ, ಮೈಬಣ್ಣಗಳಲ್ಲಿ ಎಷ್ಟೇ ವ್ಯತ್ಯಾಸವಿದ್ದರೂ ಈ ಒಂದು ಗುರುತು ಅವನ್ನು ಒಟ್ಟಿಗೆ ತಂದಿತು.

1940ರ ದಶಕದಲ್ಲಿ ಹಂಗೆರಿಯ ಪಳೆಯುಳಿಕೆ ತಜ್ಞ ಮಿಕ್ಲೋಶ್ ಕ್ರೆಟ್ಸಾಯ್ ಈ ಎರಡು ಶಾಖೆಗಳಿಗೆ ‘ಕ್ಯಾನಿಫಾರ್ಮಿಯಾ’, ‘ಫೆಲಿಫಾರ್ಮಿಯಾ’ ಎಂಬ ಹೆಸರುಗಳನ್ನು ಕೊಟ್ಟ. ಶ್ವಾನರೂಪಿಗಳು, ಬಿಡಾಲರೂಪಿಗಳು ಎಂದು ಕನ್ನಡದಲ್ಲಿ ಹೇಳಬಹುದು. ಮಾಂಸಾಹಾರಿ ಗಣದ ಎಲ್ಲ ಪ್ರಾಣಿಗಳೂ ಈ ಎರಡರಲ್ಲಿ ಒಂದು ಶಾಖೆಗೆ ಸೇರುತ್ತವೆ. ಮೇಲ್ದವಡೆಯ ಕೊನೆಯ ಮುಂದವಡೆಹಲ್ಲು ಮತ್ತು ಕೆಳದವಡೆಯ ಮೊದಲ ದವಡೆಹಲ್ಲು ಕತ್ತರಿಯ ಎರಡು ಅಲಗುಗಳಂತೆ ಒಂದರ ಮೇಲೊಂದು ಸರಿದು ಮಾಂಸ ಕತ್ತರಿಸುವುದು ಇಡೀ ಗಣದ ಲಕ್ಷಣ. ನಾಯಿ ಮೂಳೆಯನ್ನು ಬಾಯಿಯ ಮೂಲೆಗೆ ತಳ್ಳಿಕೊಂಡು ಕಡಿಯುವುದನ್ನು ನೋಡಿದವರಿಗೆ ಈ ಕತ್ತರಿ ಎಲ್ಲಿದೆ ಎಂಬುದು ಗೊತ್ತು. ಗೆದ್ದಲು ತಿನ್ನುವ ಕರಡಿ, ಬಿದಿರು ತಿನ್ನುವ ಪಾಂಡಾಗಳಲ್ಲಿ ಅದು ಮೊಂಡಾಗಿದೆ. ಆದರೆ ಅವುಗಳ ಪೂರ್ವಜರಲ್ಲಿ ಇದ್ದೇ ಇತ್ತು.

ಶ್ವಾನರೂಪಿಗಳಲ್ಲಿ ಇಂದು ಒಂಬತ್ತು ಕುಟುಂಬಗಳನ್ನು ಎಣಿಸುತ್ತಾರೆ: ನಾಯಿ, ಕರಡಿ, ಕೆಂಪು ಪಾಂಡಾ, ದುರ್ವಾಸನೆ ಚಿಮ್ಮಿಸುವ ಸ್ಕಂಕ್, ರಕೂನ್, ನೀರುನಾಯಿ ಮತ್ತು ವೀಸೆಲ್‌ಗಳದು ಒಂದು, ಮತ್ತೆ ಕಡಲಿನ ಮೂರು, ಅಂದರೆ ಕಿವಿಯಿರುವ ಸೀಲ್, ಕಿವಿಯಿಲ್ಲದ ಸೀಲ್, ವಾಲ್ರಸ್. ಕನ್ನಡದ ನೀರುನಾಯಿ ಎಂಬ ಹೆಸರು ವಂಶಾವಳಿ ನೋಡಿ ಇಟ್ಟದ್ದಲ್ಲ. ಆದರೂ ಅದು ಪ್ರಾಣಿಯನ್ನು ಸರಿಯಾದ ಶಾಖೆಯಲ್ಲೇ ಕೂರಿಸಿದೆ.

ಪಾಂಡಾದ ವ್ಯಾಜ್ಯ

ಮೂಳೆಯ ಸಾಕ್ಷಿಯೂ ಎಲ್ಲ ವ್ಯಾಜ್ಯಗಳನ್ನು ತೀರಿಸಲಿಲ್ಲ. ದೈತ್ಯ ಪಾಂಡಾದ ಕಥೆ ಇದಕ್ಕೆ ಪ್ರಸಿದ್ಧ ನಿದರ್ಶನ. 1869ರಲ್ಲಿ ಚೀನಾದಲ್ಲಿದ್ದ ಫ್ರೆಂಚ್ ಪಾದ್ರಿ ಅರ್ಮಾನ್ ಡೇವಿಡ್ ಇದರ ಚರ್ಮವನ್ನು ಕಂಡು ಕಪ್ಪುಬಿಳುಪು ಕರಡಿ ಎಂದು ಹೆಸರಿಸಿದ. ಮರುವರ್ಷವೇ ಪ್ಯಾರಿಸಿನ ಅಲ್ಫೋನ್ಸ್ ಮಿಲ್ನ್ ಎಡ್ವರ್ಡ್ಸ್ ಅದರ ಹಲ್ಲು ಮೂಳೆಗಳನ್ನು ನೋಡಿ, ಇದು ಕರಡಿಯಲ್ಲ, ಹಿಮಾಲಯದ ಕೆಂಪು ಪಾಂಡಾದ ಸಂಬಂಧಿ ಎಂದ. ಎರಡೂ ಬಿದಿರು ತಿನ್ನುತ್ತವೆ, ಎರಡಕ್ಕೂ ಬಿದಿರಿನ ಕಡ್ಡಿ ಹಿಡಿಯಲು ಮಣಿಕಟ್ಟಿನ ಮೂಳೆಯೊಂದು ಹೆಬ್ಬೆರಳಿನಂತೆ ಬೆಳೆದಿದೆ. ವಾದ ನೂರು ವರ್ಷ ನಡೆಯಿತು. ಅಮೆರಿಕದ ಡ್ವೈಟ್ ಡೇವಿಸ್ 1964ರಲ್ಲಿ ಪಾಂಡಾದ ಇಡೀ ಅಂಗರಚನೆಯನ್ನು ಬಿಡಿಸಿ ವಿವರಿಸಿ ಅದು ಕರಡಿಯೇ ಎಂದು ತೀರ್ಮಾನಿಸಿದ. 1985ರಲ್ಲಿ ಸ್ಟೀಫನ್ ಓಬ್ರಿಯನ್ ಮತ್ತು ಸಂಗಡಿಗರು ಅಣುಮಟ್ಟದ ಪರೀಕ್ಷೆಗಳಿಂದ ಅದನ್ನೇ ದೃಢಪಡಿಸಿದರು. ಸಿಕ್ಕಿಂ, ಅರುಣಾಚಲಗಳ ಕಾಡಿನಲ್ಲೂ ಇರುವ ಕೆಂಪು ಪಾಂಡಾ ಒಂಟಿಯಾಗಿ ಉಳಿಯಿತು. ಅದರ ಕುಟುಂಬದಲ್ಲಿ ಇಂದು ಬದುಕಿರುವುದು ಅದೊಂದೇ.

ಕಡಲಿನ ಸೀಲ್‌ಗಳ ಬಗೆಗೂ ಇಂಥದೇ ವಾದವಿತ್ತು. ಕಿವಿಯಿರುವ ಸೀಲ್‌ಗಳು ಕರಡಿಯಂಥ ಪ್ರಾಣಿಯಿಂದಲೂ, ಕಿವಿಯಿಲ್ಲದವು ನೀರುನಾಯಿಯಂಥ ಪ್ರಾಣಿಯಿಂದಲೂ ಬೇರೆ ಬೇರೆಯಾಗಿ ಕಡಲಿಗಿಳಿದವು ಎಂದು ಬಹುಕಾಲ ನಂಬಲಾಗಿತ್ತು. ಡಿಎನ್ಎ ಪರೀಕ್ಷೆ ಅವೆಲ್ಲ ಒಂದೇ ಮೂಲದವು ಎಂದಿತು. 2007ರಲ್ಲಿ ಕೆನಡಾದ ಉತ್ತರ ತುದಿಯ ಡೆವನ್ ದ್ವೀಪದಲ್ಲಿ ಸಿಕ್ಕ ‘ಪುಯಿಜಿಲಾ’ ಎಂಬ ಪಳೆಯುಳಿಕೆ ಈ ಕಥೆಯ ನಡುವಿನ ಕೊಂಡಿಯಂತಿದೆ. ಅದಕ್ಕೆ ಸೀಲ್‌ನ ತಲೆ, ನೀರುನಾಯಿಯಂಥ ಕಾಲು ಮತ್ತು ಬಾಲ.

ತವರು ಅಮೆರಿಕ

ನಾಯಿ ಎಂದೊಡನೆ ಯುರೋಪಿನ ಹಿಮದ ತೋಳ ಅಥವಾ ನಮ್ಮ ಹಳ್ಳಿಯ ಬೀದಿ ನೆನಪಾಗುವುದು ಸಹಜ. ಆದರೆ ನಾಯಿಯ ಕುಟುಂಬ ಹುಟ್ಟಿದ್ದು ಉತ್ತರ ಅಮೆರಿಕದಲ್ಲಿ. ಶ್ವಾನರೂಪಿ ಮತ್ತು ಬಿಡಾಲರೂಪಿ ಶಾಖೆಗಳು ಬೇರೆಯಾದದ್ದು ಸುಮಾರು 5 ಕೋಟಿ ವರ್ಷಗಳ ಹಿಂದೆ. ಆ ಕಾಲದ ಮಾಂಸಾಹಾರಿಗಳು ಮರ ಹತ್ತುವ, ಉದ್ದ ಬಾಲದ ಪುಟ್ಟ ಪ್ರಾಣಿಗಳು. ಅವುಗಳಿಂದ ನಾಯಿಯ ಕುಟುಂಬ ಕವಲೊಡೆದದ್ದು ಸುಮಾರು 4 ಕೋಟಿ ವರ್ಷಗಳ ಹಿಂದೆ. ಮೊದಮೊದಲಿನ ನಾಯಿಗಳಲ್ಲಿ ಒಂದಾದ ‘ಹೆಸ್ಪರೋಸಿಯಾನ್’ ನರಿಗಿಂತ ಚಿಕ್ಕದು. ಕಣ್ಣೆದುರು ನಿಂತರೆ ಯಾರೂ ಅದನ್ನು ಪುನುಗಿನ ಜಾತಿಯದೆಂದೇ ಹೇಳಿಯಾರು. ಅದು ನಾಯಿ ಎಂದು ತಜ್ಞರು ನಿರ್ಧರಿಸಿದ್ದು ಫ್ಲವರ್ ತೋರಿಸಿಕೊಟ್ಟ ಅದೇ ಕಿವಿಗುಳ್ಳೆಯನ್ನು ನೋಡಿ.

ಅಮೆರಿಕದ ಮ್ಯೂಸಿಯಮ್ಮುಗಳಲ್ಲಿ ಸಂಗ್ರಹವಾಗಿದ್ದ ಅಪಾರ ಪಳೆಯುಳಿಕೆಗಳನ್ನು ಶಿಯಾವೋಮಿಂಗ್ ವಾಂಗ್, ರಿಚರ್ಡ್ ಟೆಡ್‌ಫರ್ಡ್, ಬೆರಿಲ್ ಟೇಲರ್ ಎಂಬ ಮೂವರು ದಶಕಗಳ ಕಾಲ ಪರಿಶೀಲಿಸಿದರು. 1994, 1999 ಮತ್ತು 2009ರಲ್ಲಿ ಮೂರು ಸಂಪುಟಗಳಾಗಿ ಬಂದ ಅವರ ಅಧ್ಯಯನದ ಪ್ರಕಾರ ನಾಯಿಯ ಕುಟುಂಬದಲ್ಲಿ ಮೂರು ಉಪಕುಟುಂಬಗಳಿದ್ದವು. ಹೆಸ್ಪರೋಸಿಯಾನ್‌ನ ಬಳಗ ಮೊದಲನೆಯದು. ಎರಡನೆಯದು ‘ಬೊರೊಫೇಜಸ್’ ಬಳಗ, ಅಂದರೆ ಮೂಳೆ ಪುಡಿ ಮಾಡುವ ನಾಯಿಗಳು. ಇವುಗಳಲ್ಲಿ ‘ಎಪಿಸಿಯಾನ್’ ಇಂದಿನ ಯಾವ ತೋಳಕ್ಕಿಂತಲೂ ಬಹಳ ದೊಡ್ಡದಾಗಿತ್ತು. ಕ್ಯಾಲಿಫೋರ್ನಿಯದಲ್ಲಿ ಸಿಕ್ಕ ಈ ನಾಯಿಗಳ ಕಲ್ಲಾದ ಮಲದಲ್ಲಿ ಮೂಳೆಯ ಚೂರುಗಳಿದ್ದುದನ್ನು 2018ರಲ್ಲಿ ವರದಿ ಮಾಡಲಾಗಿದೆ. ಏಷ್ಯಾ, ಆಫ್ರಿಕಾಗಳಲ್ಲಿ ಕತ್ತೆಕಿರುಬ ಮಾಡುವ ಕೆಲಸವನ್ನು ಅಮೆರಿಕದಲ್ಲಿ ನಾಯಿಗಳೇ ಮಾಡುತ್ತಿದ್ದವು. ಹಾಗಾಗಿ ಅವುಗಳ ಬುರುಡೆಯೂ ದವಡೆಯೂ ಕತ್ತೆಕಿರುಬದಂತಾದವು. ಒಂದೇ ಕಸುಬು ಹಿಡಿದ ಬೇರೆ ವಂಶದವರು ಒಂದೇ ರೂಪ ತಾಳುವುದು ಜೀವವಿಕಾಸದಲ್ಲಿ ಮತ್ತೆ ಮತ್ತೆ ನಡೆದಿದೆ.

ಸುಮಾರು 20 ಲಕ್ಷ ವರ್ಷಗಳ ಹಿಂದೆ ಈ ಎರಡನೆಯ ಬಳಗವೂ ಅಳಿಯಿತು. ಏಷ್ಯಾದಿಂದ ವಲಸೆ ಬಂದ ಬೆಕ್ಕಿನ ಕುಟುಂಬದ ಪ್ರಾಣಿಗಳ ಪೈಪೋಟಿ ಅಮೆರಿಕದ ನಾಯಿಗಳ ಅವನತಿಗೆ ದೊಡ್ಡ ಕಾರಣವೆಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಸೂಚಿಸಿತು. ಉಳಿದದ್ದು ಮೂರನೆಯ ಬಳಗ. ಮೊದಲು ಅದು ನರಿಯಷ್ಟೇ ಗಾತ್ರದ, ಅಂಥ ಮಹತ್ವವಿಲ್ಲದ ಕವಲು. ಬಯಲು ಹೆಚ್ಚಿದಂತೆ ಉದ್ದ ಕಾಲು, ದೂರ ಓಡುವ ಶಕ್ತಿ ಅದಕ್ಕೆ ಕೂಡಿಬಂದವು. ಇಂದು ಬದುಕಿರುವ ಸುಮಾರು 36 ಪ್ರಭೇದಗಳ ನಾಯಿಗಳೆಲ್ಲವೂ ಈ ಒಂದು ಕವಲಿನವು. ಏಷ್ಯಾ ಮತ್ತು ಅಲಾಸ್ಕದ ನಡುವೆ ಸಮುದ್ರ ತಗ್ಗಿ ನೆಲ ಕಾಣಿಸಿದಾಗ, ಸುಮಾರು 70 ಲಕ್ಷ ವರ್ಷಗಳ ಹಿಂದೆ, ಇವು ಹಳೆಯ ಜಗತ್ತಿಗೆ ಕಾಲಿಟ್ಟವು. ಸುಮಾರು 30 ಲಕ್ಷ ವರ್ಷಗಳ ಹಿಂದೆ ಪನಾಮಾ ಭೂಸಂಧಿ ಮೂಡಿದ ಮೇಲೆ ದಕ್ಷಿಣ ಅಮೆರಿಕದಲ್ಲಿ ಹರಡಿದವು.

ನಮ್ಮ ಶಿವಾಲಿಕ ಬೆಟ್ಟಗಳ ಪದರಗಳೂ ಈ ಚರಿತ್ರೆಯ ಕೆಲವು ಪುಟಗಳನ್ನು ಉಳಿಸಿಕೊಂಡಿವೆ. ನಾಯಿಯೂ ಅಲ್ಲದ, ಕರಡಿಯೂ ಅಲ್ಲದ, ‘ಕರಡಿನಾಯಿ’ ಎಂದೇ ವಿದ್ವಾಂಸರು ಕರೆಯುವ ಅಳಿದುಹೋದ ಕುಟುಂಬದ ಅವಶೇಷಗಳು ಅಲ್ಲಿ ಸಿಕ್ಕಿವೆ. ಲಂಡನ್ನಿಗೆ ಒಯ್ದಿದ್ದ ಶಿವಾಲಿಕ ಮಾಂಸಾಹಾರಿಗಳ ಮೂಳೆಗಳನ್ನು ಪರಿಶೀಲಿಸಿ 1880ರಲ್ಲಿ ಪ್ರಬಂಧ ಬರೆದವರಲ್ಲಿ ಭಾರತೀಯ ಭೂವಿಜ್ಞಾನಿ ಪ್ರಮಥನಾಥ ಬೋಸ್ ಒಬ್ಬರು.

ಒಂದೇ ಹೆಸರು, ಎರಡು ಪ್ರಾಣಿ

ಕನ್ನಡದ ನರಿ ಎಂಬ ಮಾತು ವಿಜ್ಞಾನದ ಎರಡು ಬೇರೆ ಪ್ರಾಣಿಗಳನ್ನು ಒಳಗೊಂಡಿದೆ. ಸಂಜೆ ಊರಾಚೆ ಗುಂಪಾಗಿ ಊಳಿಡುವುದು ಜಾಕಲ್. ಬಯಲಲ್ಲಿ ಬಿಲ ತೋಡಿಕೊಂಡು ಇಲಿ, ಮಿಡತೆ ಹಿಡಿಯುವ, ಪೊದೆಯಂಥ ಬಾಲದ ಪುಟ್ಟ ಪ್ರಾಣಿ ಫಾಕ್ಸ್. ಕೆಂಪುನರಿ, ಗುಳ್ಳೆನರಿ ಎಂಬ ಹೆಸರುಗಳಿದ್ದರೂ ಯಾವುದು ಯಾವುದಕ್ಕೆ ಎಂಬುದು ಊರಿಂದೂರಿಗೆ ಬೇರೆ. ಪಂಚತಂತ್ರದ ಕರಟಕ ದಮನಕರು ಜಾಕಲ್‌ಗಳು. ಈಸೋಪನ ಕಥೆಯಲ್ಲಿ ದ್ರಾಕ್ಷಿ ಹುಳಿಯೆಂದ ಫಾಕ್ಸ್ ಕೂಡ ಕನ್ನಡಕ್ಕೆ ಬಂದಾಗ ನರಿಯೇ ಆಯಿತು. ಇಂಗ್ಲಿಷಿನ ಜಾಕಲ್ ಎಂಬ ಮಾತಾದರೂ ಸಂಸ್ಕೃತದ ಶೃಗಾಲ ಎಂಬುದೇ ಪಾರಸಿ, ತುರ್ಕಿ ಭಾಷೆಗಳನ್ನು ಹಾದು ಅಲ್ಲಿಗೆ ಸೇರಿದ್ದು.

ವಂಶಾವಳಿಯಲ್ಲಿ ಈ ಎರಡು ನರಿಗಳ ನಡುವೆ ಸುಮಾರು 1 ಕೋಟಿ ವರ್ಷಗಳ ಅಂತರವಿದೆ. ಊಳಿಡುವ ನರಿಗೆ ಹತ್ತಿರದ ನೆಂಟ ತೋಳವೇ ಹೊರತು ಬಿಲದ ನರಿಯಲ್ಲ.

ಜಾಕಲ್ ಎಂಬ ಹೆಸರಿನೊಳಗೂ ಇನ್ನೊಂದು ಗೊಂದಲ ಅಡಗಿತ್ತು. ಭಾರತದಿಂದ ಉತ್ತರ ಆಫ್ರಿಕಾದವರೆಗೆ ಇರುವುದೆಲ್ಲ ಒಂದೇ ಬಂಗಾರಬಣ್ಣದ ನರಿ ಎಂದು ಪುಸ್ತಕಗಳು ಹೇಳುತ್ತಿದ್ದವು. 1880ರಲ್ಲೇ ಥಾಮಸ್ ಹೆನ್ರಿ ಹಕ್ಸ್‌ಲಿ, ಈಜಿಪ್ಟಿನ ನರಿಯ ಬುರುಡೆ ಭಾರತದ ತೋಳದ ಬುರುಡೆಯನ್ನು ಹೋಲುತ್ತದೆ ಎಂದು ಗಮನಿಸಿದ್ದ. ಆ ಮಾತು ಬಹುಕಾಲ ಮೂಲೆಗೆ ಬಿದ್ದಿತ್ತು. 2011ರಲ್ಲಿ ಬಂದ ಡಿಎನ್ಎ ಅಧ್ಯಯನ ಅದನ್ನು ಮತ್ತೆ ಎತ್ತಿತು. 2015ರ ವಿಸ್ತಾರವಾದ ಅಧ್ಯಯನ, ಆಫ್ರಿಕಾದ್ದು ನರಿಯಲ್ಲ, 10 ಲಕ್ಷ ವರ್ಷಗಳಿಗೂ ಹಿಂದೆ ಬೇರೆಯಾದ ಒಂದು ತೋಳ ಎಂದು ತೋರಿಸಿತು. ನೋಟದಲ್ಲಿ ಎರಡೂ ಒಂದೇ ತರಹ ಇದ್ದುದರಿಂದ ಒಂದು ಇಡೀ ಪ್ರಭೇದ ಕಣ್ಣೆದುರೇ ಇದ್ದೂ ಲೆಕ್ಕಕ್ಕೆ ಸಿಗದೆ ಹೋಗಿತ್ತು.

ಕೆನ್ನಾಯಿಯ ಹಲ್ಲು

ಬಂಡೀಪುರ, ನಾಗರಹೊಳೆಗಳಲ್ಲಿ ಶಿಳ್ಳೆ ಹಾಕುತ್ತ ಗುಂಪಾಗಿ ಬೇಟೆಯಾಡುವ ಕೆನ್ನಾಯಿ ಪಂಡಿತರನ್ನು ಬಹಳ ದಿನ ಕಾಡಿತು. 1811ರಲ್ಲಿ ಪೀಟರ್ ಸೈಮನ್ ಪಲ್ಲಾಸ್ ಏಷ್ಯಾದ ಉತ್ತರ ಭಾಗದ ಮಾದರಿಯಿಂದ ಇದಕ್ಕೆ ಹೆಸರಿಟ್ಟ. 1831ರಲ್ಲಿ ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್ ದಖ್ಖನ್ನಿನ ಪ್ರಾಣಿಗಳ ಪಟ್ಟಿಯಲ್ಲಿ ಇದನ್ನೇ ‘ದಖ್ಖನ್ನಿನ ನಾಯಿ’ ಎಂಬ ಅರ್ಥದ ಇನ್ನೊಂದು ಹೆಸರಿನಿಂದ ಬರೆದ. ಅದೇ ಪಟ್ಟಿಯಲ್ಲಿ ನಮ್ಮ ಬಯಲುಸೀಮೆಯ ತೋಳಕ್ಕೂ ‘ಕ್ಯಾನಿಸ್ ಪಾಲಿಪೆಸ್’ ಎಂಬ ಹೆಸರು ಬಂತು. ನೇಪಾಳದಲ್ಲಿದ್ದ ಬ್ರಯಾನ್ ಹಾಡ್ಸನ್ 1838ರಲ್ಲಿ ಕೆನ್ನಾಯಿಯನ್ನು ‘ಕ್ಯುವಾನ್’ ಎಂಬ ಬೇರೆ ಕುಲಕ್ಕೆ ಸೇರಿಸಿದ. ತೋಳ, ಸಾಕುನಾಯಿಗಳಿಗೆ ಕೆಳದವಡೆಯ ಒಂದೊಂದು ಪಕ್ಕದಲ್ಲಿ ಮೂರು ದವಡೆಹಲ್ಲುಗಳಿದ್ದರೆ ಕೆನ್ನಾಯಿಗೆ ಎರಡೇ. ಒಟ್ಟು ಹಲ್ಲು ಅವಕ್ಕೆ 42, ಇದಕ್ಕೆ 40.

1945ರಲ್ಲಿ ಸಸ್ತನಿಗಳ ಸಮಗ್ರ ವರ್ಗೀಕರಣ ಪ್ರಕಟಿಸಿದ ಅಮೆರಿಕದ ಜಾರ್ಜ್ ಗೇಲಾರ್ಡ್ ಸಿಂಪ್ಸನ್ ಏಷ್ಯಾದ ಕೆನ್ನಾಯಿ, ಆಫ್ರಿಕಾದ ಮಚ್ಚೆಗಳ ಬೇಟೆನಾಯಿ, ದಕ್ಷಿಣ ಅಮೆರಿಕದ ಗಿಡ್ಡ ಕಾಲಿನ ಪೊದೆನಾಯಿ ಈ ಮೂರನ್ನೂ ಒಂದೇ ಉಪಕುಟುಂಬಕ್ಕೆ ಹಾಕಿದ. ಮೂರರ ಕತ್ತರಿಹಲ್ಲಿನ ಹಿಂಭಾಗವೂ ಅಲಗಿನಂತೆ ಚೂಪಾಗಿದ್ದುದು ಇದಕ್ಕೆ ಆಧಾರ. 2005ರಲ್ಲಿ ಟಾಶಾ ಎಂಬ ಬಾಕ್ಸರ್ ತಳಿಯ ಹೆಣ್ಣುನಾಯಿಯ ಇಡೀ ಜೀನೋಮ್ ಓದಿದ ವಿಜ್ಞಾನಿಗಳು ಅದರ ಜೊತೆಗೇ ನಾಯಿ ಕುಟುಂಬದ ವಂಶವೃಕ್ಷವನ್ನೂ ಪ್ರಕಟಿಸಿದರು. ಸಿಂಪ್ಸನ್ನನ ಗುಂಪು ಅಲ್ಲಿ ಒಡೆದುಹೋಯಿತು. ಪೊದೆನಾಯಿ ದಕ್ಷಿಣ ಅಮೆರಿಕದ ಇತರ ನಾಯಿಗಳ ಜೊತೆ ಹೋಯಿತು. ಕೆನ್ನಾಯಿ ತೋಳದ ಹತ್ತಿರ ಬಂದು ಕೂತಿತು. ಬರೀ ಮಾಂಸ ತಿಂದು ಬದುಕುವ ಬೇಟೆನಾಯಿಗಳಿಗೆ ಬೇರೆ ಬೇರೆ ಖಂಡಗಳಲ್ಲಿ ಒಂದೇ ಬಗೆಯ ಹಲ್ಲು ಮೂಡಿತ್ತು, ಅಷ್ಟೆ.

ಹೆಸರಿಗೆ ತೆತ್ತ ಬೆಲೆ

ಇವೆಲ್ಲ ಪಂಡಿತರ ಚರ್ಚೆ, ಪ್ರಾಣಿಗಳಿಗೇನಾಗಬೇಕು ಎನ್ನಿಸಬಹುದು. ಆದರೆ ಹೆಸರು ಬದಲಾದಾಗ ಸರ್ಕಾರದ ಆಜ್ಞೆಯೂ ಬದಲಾಗುತ್ತದೆ. ಬ್ರಿಟಿಷರ ಕಾಲದಲ್ಲಿ ಕೆನ್ನಾಯಿ ‘ಪೀಡೆ’ಯ ಪಟ್ಟಿಯಲ್ಲಿತ್ತು. ಜಿಂಕೆಗಳನ್ನು ಕ್ರೂರವಾಗಿ ಹರಿದು ತಿನ್ನುತ್ತದೆಂದು ಬೇಟೆಗಾರರು ಅದನ್ನು ದ್ವೇಷಿಸುತ್ತಿದ್ದರು. ಕೊಂದು ತಂದವರಿಗೆ ಬಹುಮಾನ ಸಿಗುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೂ ಮುಂದುವರಿದ ಈ ಪದ್ಧತಿಗೆ ತೆರೆಬಿದ್ದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ. 1976ರಿಂದ ಎರಡು ವರ್ಷ ಬಂಡೀಪುರದಲ್ಲಿ ಎ. ಜೆ. ಟಿ. ಜಾನ್‌ಸಿಂಗ್ ಇವುಗಳ ಹಿಂದೆ ಸುತ್ತಿ ನಡೆಸಿದ ಅಧ್ಯಯನ, ಮರಿಗಳನ್ನು ಗುಂಪೇ ಕೂಡಿ ಸಾಕುವ ಇವುಗಳ ಕೂಡುಕುಟುಂಬದ ಬದುಕನ್ನು ಜಗತ್ತಿಗೆ ಪರಿಚಯಿಸಿತು. ಈಗ ಇಡೀ ಏಷ್ಯಾದಲ್ಲಿ ಉಳಿದಿರುವ ವಯಸ್ಕ ಕೆನ್ನಾಯಿಗಳು ಸುಮಾರು 1000ದಿಂದ 2200 ಎಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ 2015ರ ಅಂದಾಜು.

ಕೆನ್ನಾಯಿಗೆ ಸಿಕ್ಕ ಕಾಲಾವಕಾಶ ಎಲ್ಲಕ್ಕೂ ಸಿಗಲಿಲ್ಲ. ಟಾಸ್ಮೇನಿಯದ ಥೈಲಸೀನ್ ಕಾಂಗರೂವಿನಂತೆ ಹೊಟ್ಟೆಚೀಲದ ಪ್ರಾಣಿ. ನಾಯಿಗೂ ಅದಕ್ಕೂ ವಂಶದ ನಂಟೇ ಇಲ್ಲ. ಆದರೆ ಅದರ ತಲೆ, ದವಡೆ ತೋಳದಂತಿದ್ದವು. ವಲಸೆಗಾರರು ಅದನ್ನು ತೋಳವೆಂದು ಕರೆದರು. ಕುರಿ ತಿನ್ನುವುದೆಂಬ ಆರೋಪ ಹೊರಿಸಿ 1888ರಿಂದ 1909ರವರೆಗೆ ಅಲ್ಲಿನ ಸರ್ಕಾರ ಅದರ ತಲೆಗೆ ಬಹುಮಾನ ಕೊಟ್ಟಿತು. ಕೊನೆಯದು 1936ರ ಸೆಪ್ಟೆಂಬರ್ 7ರಂದು ಹೋಬಾರ್ಟಿನ ಮೃಗಾಲಯದಲ್ಲಿ ಸತ್ತಿತು.

ದಕ್ಷಿಣ ಅಟ್ಲಾಂಟಿಕ್ಕಿನ ಫಾಕ್‌ಲ್ಯಾಂಡ್ ದ್ವೀಪಗಳಲ್ಲಿ ನೆಲದ ಮೇಲೆ ಬದುಕುವ ಏಕೈಕ ಸ್ಥಳೀಯ ಸಸ್ತನಿಯಾಗಿದ್ದುದು ನಾಯಿ ಕುಟುಂಬದ ಒಂದು ಪ್ರಾಣಿ. 1830ರ ದಶಕದಲ್ಲಿ ಅಲ್ಲಿಗೆ ಹೋಗಿದ್ದ ಡಾರ್ವಿನ್, ಮನುಷ್ಯರಿಗೆ ಹೆದರದ ಅದರ ಸಾಧು ಸ್ವಭಾವವನ್ನು ನೋಡಿ, ಇದು ಬೇಗ ಡೋಡೋ ಹಕ್ಕಿಯ ದಾರಿ ಹಿಡಿಯುವುದೆಂದು ಊಹಿಸಿದ್ದ. 1876ರಲ್ಲಿ ಅದು ಅಳಿಯಿತು. ಅದು ಯಾರ ನೆಂಟ ಎಂಬುದು ಮ್ಯೂಸಿಯಂನ ಚರ್ಮ, ಮೂಳೆಗಳ ಡಿಎನ್ಎಯಿಂದ ಗೊತ್ತಾದದ್ದು 2009 ಮತ್ತು 2013ರಲ್ಲಿ. ದಕ್ಷಿಣ ಅಮೆರಿಕದಲ್ಲಿದ್ದು ಅಳಿದುಹೋದ ಮತ್ತೊಂದು ನಾಯಿ ಅದರ ಹತ್ತಿರದ ಬಂಧು. ಅವೆರಡೂ ಬೇರೆಯಾಗಿದ್ದುದು ಸುಮಾರು 16,000 ವರ್ಷಗಳ ಹಿಂದೆ.

ಅಮೆರಿಕದ ಕೆಂಪುತೋಳದ ಬದುಕು ನಿಂತಿರುವುದೇ ವರ್ಗೀಕರಣದ ಮೇಲೆ. 1980ರಲ್ಲಿ ಅದು ಕಾಡಿನಿಂದ ಮಾಯವಾಯಿತೆಂದು ಘೋಷಿಸಲಾಯಿತು. ಸೆರೆಯಲ್ಲಿದ್ದ 14 ತೋಳಗಳ ಸಂತತಿಯನ್ನು 1987ರಲ್ಲಿ ಉತ್ತರ ಕೆರೊಲಿನಾದ ಕಾಡಿಗೆ ಮತ್ತೆ ಬಿಡಲಾಯಿತು. ಇದು ತೋಳ ಮತ್ತು ಕಯೋಟಿಗಳ ಬೆರಕೆ, ಇದಕ್ಕೆ ರಕ್ಷಣೆ ಬೇಕಿಲ್ಲ ಎಂಬ ವಾದ ಎದ್ದಿತು. ಕೊನೆಗೆ ಅಲ್ಲಿನ ಸಂಸತ್ತಿನ ಸೂಚನೆಯಂತೆ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿ ಪರಿಶೀಲಿಸಿ, ಅದು ಪ್ರತ್ಯೇಕ ಪ್ರಭೇದವೇ ಎಂದು 2019ರಲ್ಲಿ ವರದಿ ಕೊಟ್ಟಿತು.

ಬಯಲುಸೀಮೆಯ ತೋಳ

ಸೈಕ್ಸ್ 1831ರಲ್ಲಿ ಹೆಸರಿಟ್ಟ ದಖ್ಖನ್ನಿನ ತೋಳವನ್ನು ಮುಂದೆ ಲಿನ್ನೇಯಸನ ಬೂದುತೋಳದ ಉಪಪ್ರಭೇದವೆಂದು ಕೆಳಗಿಳಿಸಲಾಯಿತು. ಜಗತ್ತಿನಲ್ಲಿ ಬೂದುತೋಳಗಳು ಸಾಕಷ್ಟಿವೆ, ಆದ್ದರಿಂದ ಆತಂಕವಿಲ್ಲ ಎಂಬುದು ಇದರಿಂದ ಹೊರಡುವ ಅರ್ಥ. ಆದರೆ ಭಾರತದ ತೋಳ ಬಹು ಹಿಂದೆಯೇ ಬೇರೆಯಾದ ಪ್ರಾಚೀನ ಕವಲು ಎಂದು 2003ರಿಂದೀಚೆಗೆ ಡಿಎನ್ಎ ಅಧ್ಯಯನಗಳು ಹೇಳತೊಡಗಿದವು. 2021ರಲ್ಲಿ ಇಡೀ ಜೀನೋಮ್ ಓದಿದ ಅಧ್ಯಯನವೂ ಇದನ್ನು ಎತ್ತಿಹಿಡಿಯಿತು. ಹಾಗಾದರೆ ಇದರ ಬದಲಿಗೆ ಸೈಬೀರಿಯದ ತೋಳ ಲೆಕ್ಕಕ್ಕೆ ಬರಲಾರದು. ಉಳಿದಿರುವುದು ಮೂರು ಸಾವಿರದ ಆಸುಪಾಸು ಎಂದು 2022ರ ಅಂದಾಜು.

ಕರ್ನಾಟಕದಲ್ಲಿ ತೋಳಕ್ಕೆಂದೇ 1974ರಲ್ಲಿ ಮೇಲುಕೋಟೆಯ ಅಭಯಾರಣ್ಯವನ್ನು ಘೋಷಿಸಲಾಯಿತು. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲೂ ತೋಳಧಾಮವಿದೆ. ಆದರೆ ಹೆಚ್ಚಿನ ತೋಳಗಳು ಇರುವುದು ಅಭಯಾರಣ್ಯಗಳ ಹೊರಗೆ, ಕುರುಬರ ಹಟ್ಟಿಗಳಿಗೂ ಹೊಲಗಳಿಗೂ ನಡುವಿನ ಹುಲ್ಲುಗಾವಲುಗಳಲ್ಲಿ. ಈ ಹುಲ್ಲುಗಾವಲುಗಳಲ್ಲಿ ಬಹಳಷ್ಟು ಸರ್ಕಾರಿ ದಾಖಲೆಗಳಲ್ಲಿ ಇಂದಿಗೂ ‘ಪಾಳುಭೂಮಿ’ ಎಂದೇ ನಮೂದಾಗಿವೆ. ಪಾಳು ಎಂದು ಬರೆದ ನೆಲದಲ್ಲಿ ನೀಲಗಿರಿ ನೆಡಬಹುದು, ಕಾರ್ಖಾನೆ ಕಟ್ಟಬಹುದು, ಕೇಳುವವರು ಯಾರೂ ಇಲ್ಲ. ತೋಳದ ಹೆಸರು ವಿಜ್ಞಾನಿಗಳ ಪಟ್ಟಿಯಲ್ಲಿ ಸರಿಹೋಗುವ ಹೊತ್ತಿಗೆ ಅದು ನಿಂತ ನೆಲದ ಹೆಸರೂ ಕಂದಾಯದ ಪಟ್ಟಿಯಲ್ಲಿ ಸರಿಯಾಗಬೇಕಾಗಿದೆ.